ವಿಳಾಸ ಮರೆಯಾಗಲಿ, ಮಾತು ಉಳಿಯಲಿ

(ಮುಕ್ತ ತಂತ್ರಾಂಶ ಮತ್ತು ತಂತ್ರಾಂಶಗಳ ಕನ್ನಡ ಅನುವಾದದಲ್ಲಿ ತೊಡಗಿರುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಸರ್ಕಾರದ ಇಲಾಖೆಗಳ ಜಾಲತಾಣಗಳಲ್ಲಿ ಸಂಪರ್ಕ ಪುಟವನ್ನು ನೀವೆಲ್ಲ ನೋಡಿರುತ್ತೀರಿ. ಅಧಿಕಾರಿಯ ಹೆಸರು, ಹುದ್ದೆ, ದೂರವಾಣಿ ಸಂಖ್ಯೆ ಎಲ್ಲವೂ ನೇರವಾಗಿ ಬರೆದಿರುತ್ತವೆ. ಇಮೇಲ್ ವಿಳಾಸದಲ್ಲಿ ಮಾತ್ರ @ ಚಿಹ್ನೆ ಇರಬೇಕಾದ ಕಡೆ ಚೌಕ ಆವರಣದೊಳಗೆ 'ಅಟ್' ಎಂದೂ, ಚುಕ್ಕೆ ಇರಬೇಕಾದ ಕಡೆ 'ಡಾಟ್' ಎಂದೂ ಇರುತ್ತದೆ. ಮನುಷ್ಯರು ಇದನ್ನು ಓದಿಕೊಳ್ಳುತ್ತಾರೆ, ಯಂತ್ರಕ್ಕೆ ತಿಳಿಯುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆ ಬಲವಾಗಿ ಬೇರೂರಿದ ಜಾಗಗಳಲ್ಲಿ ಮುಖ್ಯವಾದದ್ದು ಮೇಲಿಂಗ್ ಲಿಸ್ಟುಗಳ, ಅಂದರೆ ಒಂದು ವಿಳಾಸಕ್ಕೆ ಬರೆದದ್ದು ಎಲ್ಲ ಸದಸ್ಯರಿಗೂ ಇಮೇಲ್‌ನಲ್ಲಿ ತಲುಪುವ ಚರ್ಚಾ ಕೂಟಗಳ, ಹಳೆಯ ಸಂದೇಶಗಳ ಸಂಗ್ರಹ. ಅಂಥ ಒಂದು ಲಿಸ್ಟನ್ನು ಬಹಳ ಕಾಲ ನೋಡಿಕೊಂಡವನಾಗಿ ಇವತ್ತು ಆ ಸಂಗ್ರಹಗಳ ಬಗ್ಗೆಯೇ ಮಾತನಾಡುತ್ತೇನೆ.

ಇಲಾಖೆಯ ಪುಟದಲ್ಲಿ ಹತ್ತಿಪ್ಪತ್ತು ವಿಳಾಸಗಳಿದ್ದರೆ ಹೆಚ್ಚು. ಮೇಲಿಂಗ್ ಲಿಸ್ಟಿನ ಸಂಗ್ರಹದಲ್ಲಿ ಪ್ರತಿಯೊಂದು ಸಂದೇಶಕ್ಕೂ ಕಳುಹಿಸಿದವರ ವಿಳಾಸ ಅಂಟಿಕೊಂಡಿರುತ್ತದೆ. ಪಕ್ಕದಲ್ಲೇ ದಿನಾಂಕವಿರುವುದರಿಂದ ವಿಳಾಸ ಈಗಲೂ ಬಳಕೆಯಲ್ಲಿದೆಯೇ ಎಂದು ಊಹಿಸಬಹುದು. ಚರ್ಚೆಯ ವಿಷಯವಿರುವುದರಿಂದ ಆ ವ್ಯಕ್ತಿಯ ಆಸಕ್ತಿ, ಉದ್ಯೋಗ, ಕೆಲವೊಮ್ಮೆ ಊರು ಕೂಡ ಗೊತ್ತಾಗುತ್ತದೆ. ಸ್ಪ್ಯಾಮ್ ಕಳುಹಿಸುವವರಿಗೆ ಇದಕ್ಕಿಂತ ಅನುಕೂಲವಾದ ಜಾಗ ಸಿಗುವುದು ಕಷ್ಟ.

ಪ್ರಕಟವಾದ ವಿಳಾಸಗಳಿಗೂ ಬೇಡದ ಅಂಚೆಗೂ ಇರುವ ನಂಟು ಇಂಟರ್ನೆಟ್ಟಿಗಿಂತ ಹಳೆಯದು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥುರ್ಕ್ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಕರೆಯುವ ಸಂದೇಶವನ್ನು ಇಂಟರ್ನೆಟ್ಟಿಗೆ ಮುಂಚಿನ ಕಂಪ್ಯೂಟರ್ ಜಾಲವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಕಳುಹಿಸಿದರು. ಮೊದಲ ಸ್ಪ್ಯಾಮ್ ಎಂದು ಇಂದು ಕರೆಯುವುದು ಅದನ್ನೇ. ಆ ವಿಳಾಸಗಳು ಬಂದದ್ದು ಅರ್ಪಾನೆಟ್ ಬಳಕೆದಾರರ ಅಚ್ಚಾದ ಕೈಪಿಡಿಯಿಂದ. ಅದನ್ನು ನೋಡಿಕೊಂಡು ಒಂದೊಂದಾಗಿ ಬೆರಳಚ್ಚು ಮಾಡಬೇಕಾಯಿತು. ಸಂಶೋಧಕರು ಒಬ್ಬರನ್ನೊಬ್ಬರು ಸಂಪರ್ಕಿಸಲೆಂದು ಮಾಡಿದ ಪಟ್ಟಿ ಜಾಹೀರಾತಿಗೆ ಬಳಕೆಯಾಯಿತು. ಅಂದಿನಿಂದ ಇಂದಿನವರೆಗೆ ಸಮಸ್ಯೆಯ ಸ್ವರೂಪ ಬದಲಾಗಿಲ್ಲ, ಬೆರಳಚ್ಚಿನ ಶ್ರಮ ಮಾತ್ರ ಇಲ್ಲವಾಗಿದೆ. ಹೆಕ್ಕುವ ತಂತ್ರಾಂಶ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಹೋಗುತ್ತದೆ. ಅಕ್ಷರಗಳು, ನಡುವೆ @, ಆಮೇಲೆ ಚುಕ್ಕೆಯಿರುವ ಹೆಸರು ಕಂಡಲ್ಲೆಲ್ಲ ನಕಲು ಮಾಡಿಕೊಳ್ಳುತ್ತದೆ. ಈ ಭಾಗಕ್ಕೆ ಬರಬೇಡಿ ಎಂದು ಶೋಧಯಂತ್ರಗಳಿಗೆ ಹೇಳುವ 'ರೋಬೋಟ್ಸ್' ಕಡತದ ಪದ್ಧತಿ 1994ರಿಂದಲೂ ಇದೆ. ಅದನ್ನು ಪಾಲಿಸುವುದು ಸೌಜನ್ಯಕ್ಕೆ ಬಿಟ್ಟದ್ದು, ವಿಳಾಸ ಕದಿಯಲು ಬಂದವರಲ್ಲಿ ಆ ಸೌಜನ್ಯವನ್ನು ನಿರೀಕ್ಷಿಸಲಾಗದು.

1994ರ ಏಪ್ರಿಲ್‌ನಲ್ಲಿ ಅಮೆರಿಕದ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್‌ನ ಸಾವಿರಾರು ಚರ್ಚಾ ಗುಂಪುಗಳಿಗೆ ಒಮ್ಮೆಗೇ ಸುರಿದರು. ಮುಂದಿನ ವರ್ಷಗಳಲ್ಲಿ ಜನ ತಮ್ಮ ವಿಳಾಸದ ನಡುವೆ 'ನೋಸ್ಪ್ಯಾಮ್' ಎಂದು ತುರುಕಿ ಬರೆಯುವ ರೂಢಿ ಬೆಳೆಯಿತು. ಉತ್ತರ ಬರೆಯುವವರು ಅದನ್ನು ಕೈಯಿಂದ ಅಳಿಸಿಕೊಳ್ಳಬೇಕು. ಮೇಲಿಂಗ್ ಲಿಸ್ಟ್ ನಡೆಸುವ ತಂತ್ರಾಂಶಗಳು ಇದನ್ನೇ ತಾವಾಗಿ ಮಾಡತೊಡಗಿದವು. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿರುವ ಗ್ನೂ ಮೇಲ್‌ಮ್ಯಾನ್, ಸಂಗ್ರಹದ ಪುಟಗಳಲ್ಲಿ @ ಚಿಹ್ನೆಯನ್ನು ತೆಗೆದು ಅಲ್ಲಿ 'ಅಟ್' ಎಂದು ಇಂಗ್ಲಿಷಿನಲ್ಲಿ ಬರೆಯುತ್ತದೆ. ಅದರ ಮೂರನೆಯ ಆವೃತ್ತಿಯ ಜೊತೆ ಬರುವ, ಸಂಗ್ರಹವನ್ನು ತೋರಿಸುವ ಹೈಪರ್‌ಕಿಟಿ ಅದೇ ಜಾಗದಲ್ಲಿ ಆವರಣದೊಳಗೆ ಇಂಗ್ಲಿಷಿನ 'ಎ' ಅಕ್ಷರವನ್ನಿಡುತ್ತದೆ.

ಇಷ್ಟು ಸರಳ ಉಪಾಯ ಕೆಲಸ ಮಾಡಿತೇ? ಒಂದು ಕಾಲದಲ್ಲಿ ಖಂಡಿತ ಮಾಡಿತು. ವಾಷಿಂಗ್ಟನ್ನಿನ ಸೆಂಟರ್ ಫಾರ್ ಡೆಮಾಕ್ರಸಿ ಆ್ಯಂಡ್ ಟೆಕ್ನಾಲಜಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಅವರು ಪರೀಕ್ಷೆಗೆಂದೇ ಹೊಸ ವಿಳಾಸಗಳನ್ನು ಸೃಷ್ಟಿಸಿ ಬೇರೆ ಬೇರೆ ಕಡೆ ಬಳಸಿ ಕಾದು ನೋಡಿದರು. ಬಂದ ಸ್ಪ್ಯಾಮ್‌ನ ಬಹುಪಾಲು ಸಾರ್ವಜನಿಕ ಪುಟಗಳಲ್ಲಿ ನೇರವಾಗಿ ಬರೆದ ವಿಳಾಸಗಳಿಗೆ ಬಂತು. ಚಿಹ್ನೆಯ ಬದಲು ಪದ ಬರೆದ ವಿಳಾಸಗಳಿಗೆ ಒಂದೂ ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಈ ಉಪಾಯವನ್ನು ಅಳವಡಿಸಿದವರು ಮೂಢನಂಬಿಕೆಯಿಂದ ಮಾಡಿದ್ದಲ್ಲ, ಪುರಾವೆಯನ್ನು ನೋಡಿಯೇ ಮಾಡಿದರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಆದರೆ ಹೆಕ್ಕುವವರೂ ಕಲಿಯುತ್ತಾರೆ. 'ಅಟ್' ಎಂಬ ಪದವನ್ನು ಮತ್ತೆ @ ಮಾಡಲು ಪ್ರೋಗ್ರಾಮಿನಲ್ಲಿ ಒಂದೇ ಸಾಲು ಸಾಕು. ಮೇಲ್‌ಮ್ಯಾನ್‌ನ ಪುಟಗಳೆಲ್ಲ ಒಂದೇ ಅಚ್ಚಿನಲ್ಲಿರುವುದರಿಂದ ಒಮ್ಮೆ ಬರೆದ ಆ ಸಾಲು ಜಗತ್ತಿನ ಸಾವಿರಾರು ಸಂಗ್ರಹಗಳಿಗೆ ಅನ್ವಯಿಸುತ್ತದೆ. ಕ್ಲೌಡ್‌ಫ್ಲೇರ್ ಕಂಪನಿ ತನ್ನ ಮೂಲಕ ಹಾದುಹೋಗುವ ಪುಟಗಳಲ್ಲಿ ವಿಳಾಸವನ್ನು ಅರ್ಥವಾಗದ ಅಂಕಿ ಅಕ್ಷರಗಳ ಸಾಲಾಗಿ ಮಾರ್ಪಡಿಸುತ್ತದೆ. ಬ್ರೌಸರ್ ಅದನ್ನು ಬಿಡಿಸಿ ತೋರಿಸಬೇಕಾದ ಕಾರಣ, ಬಿಡಿಸಲು ಬೇಕಾದ ಸಂಖ್ಯೆಯೂ ಆ ಸಾಲಿನ ಮೊದಲ ಎರಡು ಅಕ್ಷರಗಳಲ್ಲೇ ಇರುತ್ತದೆ. ಯೂನಿಕೋಡ್ ಒಕ್ಕೂಟದ ಮೇಲಿಂಗ್ ಲಿಸ್ಟಿನ ಹಳೆಯ ಸಂಗ್ರಹಕ್ಕೆ ಬಹಳ ಕಾಲ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಬೇಕಾಗುತ್ತಿತ್ತು. ಎರಡನ್ನೂ ಅವರದೇ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಪಕ್ಕದ ಗೂಟಕ್ಕೆ ನೇತುಹಾಕಿದ ಹಾಗೆ. ಆದರೂ ನನಗೆ ಈ ಎಲ್ಲ ಉಪಾಯಗಳಲ್ಲಿ ಅದೇ ಹೆಚ್ಚು ಇಷ್ಟ. ಓದಬೇಕೆಂದು ಬಂದವರು ಒಂದು ವಾಕ್ಯ ಓದಿ ಒಳಗೆ ಹೋಗುತ್ತಿದ್ದರು, ಸಿಕ್ಕಿದ್ದನ್ನೆಲ್ಲ ಬಾಚುತ್ತ ಬರುವ ಯಂತ್ರ ಹೊರಗೇ ಉಳಿಯುತ್ತಿತ್ತು, ಒಳಗಿನ ಸಂದೇಶಗಳ ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ.

ತಿದ್ದುವುದರಿಂದ ಆಗುವ ಹಾನಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮುಕ್ತ ತಂತ್ರಾಂಶಗಳನ್ನು ಕಟ್ಟುವ ಗ್ನೂ ಯೋಜನೆಯ ಲಿಸ್ಟುಗಳ ಸಂಗ್ರಹದಲ್ಲಿ ದೀರ್ಘಕಾಲ ಪ್ರತಿಯೊಂದು ವಿಳಾಸದ ಜಾಗದಲ್ಲೂ 'ಅಡ್ರೆಸ್@ಹಿಡನ್' ಎಂಬ ಒಂದೇ ಮಾತು ಕಾಣುತ್ತಿತ್ತು. ಯಾರು ಯಾರಿಗೆ ಬರೆದರು ಎಂಬುದು ಅನೇಕ ಕಡೆ ಅಳಿಸಿಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಗ್ನೂ ತಂತ್ರಾಂಶಗಳ ಕೈಪಿಡಿಗಳನ್ನು ಟೆಕ್ಸ್‌ಇನ್ಫೋ ಎಂಬ ವಿನ್ಯಾಸದಲ್ಲಿ ಬರೆಯುತ್ತಾರೆ. ಅದರಲ್ಲಿ ಪ್ರತಿಯೊಂದು ಆದೇಶವೂ @ ಚಿಹ್ನೆಯಿಂದಲೇ ಶುರುವಾಗುತ್ತದೆ. ವಿಳಾಸ ಹುಡುಕಿ ಅಳಿಸುವ ಪ್ರೋಗ್ರಾಮು ಅವುಗಳಲ್ಲಿ ಕೆಲವನ್ನು ವಿಳಾಸವೆಂದೇ ತಿಳಿದು ಅಳಿಸಿತು. ಯಾರೋ ಕಷ್ಟಪಟ್ಟು ಬರೆದು ಲಿಸ್ಟಿಗೆ ಕಳುಹಿಸಿದ ತಿದ್ದುಪಡಿಗಳು ಸಂಗ್ರಹದಲ್ಲಿ ಬಳಸಲಾಗದಂತೆ ಕೆಟ್ಟು ನಿಂತವು. ಮೇಲ್‌ಮ್ಯಾನ್ ಸಂಗ್ರಹದಿಂದ ಗಿಟ್ (ಪ್ರೋಗ್ರಾಮಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಅಥವಾ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸಂಪರ್ಕ ಕೊಡುವ ತಂತ್ರಾಂಶ) ಆದೇಶವನ್ನು ನಕಲು ಮಾಡಿಕೊಂಡವರಿಗೂ ಈ ಅನುಭವ ಇರುತ್ತದೆ. ಸರ್ವರ್ ಹೆಸರಿನ ಹಿಂದಿನ @ ಹೋಗಿ ಅಲ್ಲಿ 'ಅಟ್' ಕುಳಿತಿರುತ್ತದೆ, ಆದೇಶ ಓಡುವುದಿಲ್ಲ. ಹೊಸದಾಗಿ ಕಲಿಯಲು ಬಂದ ವಿದ್ಯಾರ್ಥಿಗೆ ತಪ್ಪು ಎಲ್ಲಿದೆ ಎಂದು ಹೊಳೆಯುವುದೂ ಇಲ್ಲ.

ವಿಳಾಸವನ್ನು ಚಿತ್ರವಾಗಿ ಹಾಕುವುದು ಇನ್ನೊಂದು ರೂಢಿ. ಅಕ್ಷರಗಳನ್ನು ತಿರುವುಮುರುವಾಗಿ ಬರೆದು, ಪರದೆಯ ಮೇಲೆ ಮಾತ್ರ ಸರಿಯಾಗಿ ಕಾಣುವಂತೆ ಮಾಡುವವರೂ ಇದ್ದಾರೆ. ಇವೆರಡನ್ನೂ ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಕಣ್ಣು ಕಾಣದವರು ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶದ ಮೂಲಕ ಕೆಲಸ ಮಾಡುತ್ತಾರೆ. ಬರಿಯ ಚಿತ್ರದಲ್ಲಿ ಅವರಿಗೆ ಏನೂ ಸಿಗುವುದಿಲ್ಲ, ತಿರುಗಿಸಿದ ಅಕ್ಷರಗಳನ್ನು ಆ ತಂತ್ರಾಂಶ ತಿರುಗಿಸಿಯೇ ಓದುತ್ತದೆ. ಹೆಕ್ಕುವ ಯಂತ್ರವನ್ನು ತಡೆಯಲು ಹೋಗಿ ನಾವು ತಡೆದದ್ದು ನಮ್ಮದೇ ಓದುಗರನ್ನು. ಸಾರ್ವಜನಿಕ ಕೆಲಸ ಮಾಡುವ ಯಾವ ಸಂಸ್ಥೆಗೂ ಇದು ಶೋಭೆಯಲ್ಲ.

ಮೂರನೆಯವರ ಕೈಗೆ ವಿಳಾಸ ಒಪ್ಪಿಸುವ ದಾರಿಯನ್ನೂ ಜನ ಪ್ರಯತ್ನಿಸಿದ್ದಾರೆ. ನಾರ್ವೆಯ ಲಾರ್ಸ್ ಮಾಗ್ನೆ ಇಂಗೆಬ್ರಿಗ್ಟ್‌ಸನ್ 2002ರಲ್ಲಿ ಗ್ಮೇನ್ ಎಂಬ ಬೃಹತ್ ಸಂಗ್ರಹವನ್ನು ಕಟ್ಟಿದರು. ಲಿಸ್ಟು ಬಯಸಿದರೆ ಅಲ್ಲಿ ಪ್ರತಿಯೊಬ್ಬರ ವಿಳಾಸದ ಬದಲು ಗ್ಮೇನ್‌ನದೇ ಒಂದು ಗೂಢ ವಿಳಾಸ ಕಾಣುತ್ತಿತ್ತು, ಅದಕ್ಕೆ ಬರೆದದ್ದು ಪರಿಶೀಲನೆಯಾಗಿ ಮೂಲ ವಿಳಾಸಕ್ಕೆ ಹೋಗುತ್ತಿತ್ತು. ಒಬ್ಬ ವ್ಯಕ್ತಿಗೆ ಒಂದೇ ಗೂಢ ವಿಳಾಸವಿದ್ದುದರಿಂದ ಚರ್ಚೆಯ ಎಳೆ ಕಡಿಯುತ್ತಿರಲಿಲ್ಲ. ನಾನು ಕಂಡವುಗಳಲ್ಲಿ ಇದು ಅತ್ಯಂತ ಜಾಣ ವ್ಯವಸ್ಥೆ. ಆದರೆ 2016ರಲ್ಲಿ ಅವರು ಅದರ ಜಾಲತಾಣವನ್ನು ನಿಲ್ಲಿಸಿದಾಗ ಎಷ್ಟೋ ಕಡೆಯಿಂದ ಅಲ್ಲಿಗೆ ಕೊಟ್ಟಿದ್ದ ಕೊಂಡಿಗಳು ಸತ್ತುಹೋದವು. ಒಬ್ಬರ ಹೆಗಲ ಮೇಲೆ ಅಷ್ಟು ದೊಡ್ಡ ಹೊರೆ ಇಟ್ಟರೆ ಇಂಥದ್ದು ಆಗುತ್ತದೆ, ಅದಕ್ಕೆ ಅವರನ್ನು ದೂರುವುದು ನ್ಯಾಯವಲ್ಲ. ಒಗಟು ಬಿಡಿಸಿದವರಿಗೆ ಮಾತ್ರ ವಿಳಾಸ ತೋರಿಸುತ್ತಿದ್ದ ರೀಕ್ಯಾಪ್ಚಾ ಮೇಲ್‌ಹೈಡ್ ಎಂಬ ಸೇವೆಯೂ ಗೂಗಲ್‌ನ ಕೈಯಲ್ಲಿದ್ದು 2018ರಲ್ಲಿ ಮುಚ್ಚಿತು.

ಮರೆಮಾಡಿದ ಮೇಲೂ ವಿಳಾಸ ಸೋರುವ ದಾರಿಗಳ ಬಗ್ಗೆ ಲಿಸ್ಟ್ ನಡೆಸುವವರು ಎಚ್ಚರದಿಂದಿರಬೇಕು. ಕೆಲವು ವ್ಯವಸ್ಥೆಗಳು ಸಂದೇಶದ ಮೇಲ್ಭಾಗದ ವಿಳಾಸವನ್ನಷ್ಟೇ ಮುಚ್ಚುತ್ತವೆ. ಉತ್ತರ ಬರೆಯುವಾಗ ಇಮೇಲ್ ತಂತ್ರಾಂಶ 'ಇಂಥ ದಿನ ಇಂಥವರು ಹೀಗೆ ಬರೆದರು' ಎಂಬ ಸಾಲನ್ನು ತಾನೇ ಸೇರಿಸುತ್ತದೆ. ಆ ಸಾಲಿನಲ್ಲಿ ವಿಳಾಸ ಪೂರ್ತಿಯಾಗಿ ಇರುತ್ತದೆ. ಕೆಳಗೆ ಸಹಿಯಲ್ಲಿ ಮೊಬೈಲ್ ಸಂಖ್ಯೆ, ಮನೆಯ ವಿಳಾಸ ಬರೆದವರನ್ನೂ ನಾನು ಬಹಳ ನೋಡಿದ್ದೇನೆ. ಇನ್ನೂ ಕೆಟ್ಟದ್ದೆಂದರೆ ಪುಟಗಳನ್ನೆಲ್ಲ ಚೆನ್ನಾಗಿ ಮರೆಮಾಡಿ, ಎಲ್ಲ ಸಂದೇಶಗಳೂ ವಿಳಾಸ ಸಮೇತ ಒಟ್ಟಿಗಿರುವ ಮೂಲ 'ಎಂಬಾಕ್ಸ್' ಕಡತವನ್ನು ಹಾಗೆಯೇ ಇಳಿಸಿಕೊಳ್ಳಲು ಬಿಡುವುದು. ಮೇಲ್‌ಮ್ಯಾನ್‌ನ ಎರಡನೆಯ ಆವೃತ್ತಿಯಲ್ಲಿ ಇದನ್ನು ತೆರೆದಿಡುವ ಒಂದು ಆಯ್ಕೆ ಇದೆ. ತಾನಾಗಿ ಅದು ಮುಚ್ಚಿರುತ್ತದೆ, ಆದರೆ ಹಿಂದೆ ನೋಡಿಕೊಂಡವರು ಯಾವಾಗಲೋ ತೆರೆದಿಟ್ಟಿರಬಹುದು. ನಿಮ್ಮ ಸರ್ವರಿನಲ್ಲಿ ಏನಿದೆ ಎಂದು ಇವತ್ತೇ ನೋಡಿ.

ಈ ಸಭೆಯಲ್ಲಿ ಅನುವಾದಕರು ಬಹಳ ಮಂದಿ ಇರುವುದರಿಂದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಗ್ನೋಮ್, ಕೆಡಿಇ ಮೊದಲಾದ ಲಿನಕ್ಸ್ ಪರದೆಯ ತಂತ್ರಾಂಶಗಳನ್ನು ಕನ್ನಡಕ್ಕೆ ತಂದ ಅನುವಾದದ ಪಿಒ ಕಡತಗಳ ತಲೆಯಲ್ಲಿ ಕೊನೆಯ ಅನುವಾದಕರ ಹೆಸರು ಮತ್ತು ಇಮೇಲ್ ವಿಳಾಸಕ್ಕೆಂದೇ ಒಂದು ಸಾಲಿದೆ. ಆ ಕಡತಗಳ ಮೂಲ ಸಾರ್ವಜನಿಕವಾಗಿ ತೆರೆದಿರುತ್ತದೆ. ಗಿಟ್‌ನಲ್ಲಿ ನೀವು ದಾಖಲಿಸುವ ಪ್ರತಿಯೊಂದು ಬದಲಾವಣೆಯಲ್ಲೂ ನಿಮ್ಮ ವಿಳಾಸ ಸೇರುತ್ತದೆ, ಒಮ್ಮೆ ಸೇರಿದ ಮೇಲೆ ಇತಿಹಾಸವನ್ನೇ ತಿರುಚದೆ ಅದನ್ನು ತೆಗೆಯಲಾಗದು. ಗಿಟ್‌ಹಬ್ ತನ್ನ ಬಳಕೆದಾರರಿಗೆ ಉತ್ತರ ಬೇಡದ ಒಂದು ಬದಲಿ ವಿಳಾಸ ಕೊಡುವುದು ಇದೇ ಕಾರಣಕ್ಕೆ. ಮುಕ್ತ ತಂತ್ರಾಂಶದಲ್ಲಿ ಕೆಲಸ ಮಾಡುವವರ ವಿಳಾಸ ಸಂಗ್ರಹದಲ್ಲಿ ಮರೆಯಾದರೂ ಬೇರೆ ಕಡೆ ತೆರೆದೇ ಇರುತ್ತದೆ. ಆದ್ದರಿಂದ ಸಾರ್ವಜನಿಕ ಕೆಲಸಕ್ಕೆಂದೇ ಬೇರೆ ವಿಳಾಸ ಇಟ್ಟುಕೊಳ್ಳಿ ಎಂದು ಹೊಸಬರಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ಬ್ಯಾಂಕಿಗೆ ಕೊಟ್ಟ ವಿಳಾಸದಿಂದ ಲಿಸ್ಟಿಗೆ ಬರೆಯಬೇಡಿ.

ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಅಭಿವೃದ್ಧಿಪಡಿಸುವವರು ಮರೆಮಾಡುವ ಗೋಜಿಗೇ ಹೋಗಲಿಲ್ಲ. ಅವರ ಲೋರ್ ಎಂಬ ಸಂಗ್ರಹದಲ್ಲಿ ಎಲ್ಲ ವಿಳಾಸಗಳೂ ಇದ್ದಂತೆಯೇ ಇವೆ, ಇಡೀ ಸಂಗ್ರಹವನ್ನು ಗಿಟ್ ಮೂಲಕ ಯಾರು ಬೇಕಾದರೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಅವರ ಕೆಲಸ ನಡೆಯುವುದೇ ಇಮೇಲ್‌ನಲ್ಲಿ ಬರುವ ತಿದ್ದುಪಡಿಗಳಿಂದ. ಸಂದೇಶವನ್ನು ನೇರವಾಗಿ ಗಿಟ್‌ಗೆ ಉಣಿಸಿದಾಗ ಬರೆದವರ ಹೆಸರು ಮತ್ತು ವಿಳಾಸ ಸರಿಯಾಗಿ ದಾಖಲಾಗಬೇಕು. ತಿದ್ದಿದ ಸಂಗ್ರಹ ಅವರಿಗೆ ಉಪಯೋಗವಿಲ್ಲ. ಎಲ್ಲ ಸಮುದಾಯಗಳೂ ಹೀಗೆ ಮಾಡಬೇಕೆಂದು ನಾನು ಹೇಳುವುದಿಲ್ಲ. ವೃತ್ತಿಪರ ಎಂಜಿನಿಯರುಗಳ ಲಿಸ್ಟಿಗೂ, ಮನೆಯಲ್ಲಿ ಕೂತು ಬಿಡುವಿನಲ್ಲಿ ಅನುವಾದ ಮಾಡುವವರ ಲಿಸ್ಟಿಗೂ ವ್ಯತ್ಯಾಸವಿದೆ. ಮಹಿಳೆಯರು ಸಾರ್ವಜನಿಕ ಲಿಸ್ಟಿನಲ್ಲಿ ಬರೆದ ಮೇಲೆ ಅವರ ಖಾಸಗಿ ವಿಳಾಸಕ್ಕೆ ಬರುವ ಬೇಡದ ಪತ್ರಗಳನ್ನೆಲ್ಲ ಯಂತ್ರಗಳೇ ಕಳುಹಿಸುವುದಿಲ್ಲ. ಹಾಗೆ ಬರೆಯುವವರನ್ನು ಯಾವ ಸ್ಪ್ಯಾಮ್ ಶೋಧಕವೂ ತಡೆಯುವುದಿಲ್ಲ, ವಿಳಾಸ ಕಣ್ಣಿಗೆ ಬೀಳದಿದ್ದರೆ ಅವರಲ್ಲಿ ಎಷ್ಟೋ ಮಂದಿ ಬರೆಯಲು ಹೋಗುವುದಿಲ್ಲ. ಮರೆಮಾಡುವುದನ್ನು ಬಿಡಬಾರದು ಎಂದು ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಕಾನೂನಿನ ಬಗ್ಗೆ ಎರಡು ಮಾತು. ಅಮೆರಿಕದ 2003ರ ಕ್ಯಾನ್‌ಸ್ಪ್ಯಾಮ್ ಕಾಯ್ದೆಯ ಪ್ರಕಾರ, ಬೇರೆಯವರಿಗೆ ವಿಳಾಸ ಕೊಡುವುದಿಲ್ಲ ಎಂಬ ಸೂಚನೆ ಹಾಕಿದ ತಾಣದಿಂದ ಯಂತ್ರದ ಮೂಲಕ ವಿಳಾಸ ಹೆಕ್ಕಿ ಕಾನೂನುಬಾಹಿರ ಸ್ಪ್ಯಾಮ್ ಕಳುಹಿಸಿದರೆ ಅಪರಾಧ ಇನ್ನಷ್ಟು ಗಂಭೀರವಾಗುತ್ತದೆ. ನಮ್ಮಲ್ಲಿ ಬೇಡದ ಇಮೇಲ್‌ಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕಿರಿಕಿರಿ ಉಂಟುಮಾಡಲು ಕಳುಹಿಸುವ ಇಮೇಲ್ ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ವಿಧಿಯೊಳಗೆ ಬರುತ್ತಿತ್ತು. ಮಾತಿನ ಸ್ವಾತಂತ್ರ್ಯಕ್ಕೆ ಕುತ್ತಾಗಿದ್ದ ಆ ವಿಧಿಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಮಾಡಿದ್ದು ಸರಿಯಾಗಿಯೇ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಾಗ ಹಲವರು ನಿರೀಕ್ಷೆ ಇಟ್ಟುಕೊಂಡರು. ಆದರೆ ವ್ಯಕ್ತಿ ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ತೆರೆದ ಲಿಸ್ಟಿಗೆ ತಾನೇ ಬರೆದವರ ವಿಳಾಸವನ್ನೂ ಈ ವರ್ಗಕ್ಕೆ ಸೇರಿಸಿ ವಾದಿಸಲು ಅವಕಾಶವಿದೆ. ಹಾಗಾಗಿ ಲಿಸ್ಟು ಸೇರುವಾಗಲೇ, ನೀವು ಬರೆಯುವುದನ್ನು ಯಾರು ಬೇಕಾದರೂ ಓದಬಹುದು, ಅದು ವರ್ಷಗಟ್ಟಲೆ ಉಳಿಯುತ್ತದೆ ಎಂದು ಸರಳ ಕನ್ನಡದಲ್ಲಿ ತಿಳಿಸುವುದು ನಮ್ಮ ಕರ್ತವ್ಯ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಸ್ಪ್ಯಾಮ್ ಭಯದಿಂದ, ಈಚೆಗೆ ಕೃತಕ ಬುದ್ಧಿಮತ್ತೆಗೆಂದು ಪಠ್ಯ ಬಾಚುವ ಯಂತ್ರಗಳ ಹಾವಳಿಯಿಂದ, ಹಲವರು ತಮ್ಮ ಸಂಗ್ರಹವನ್ನೇ ಸದಸ್ಯರಿಗೆ ಮಾತ್ರ ಮೀಸಲಿಡುತ್ತಿದ್ದಾರೆ ಅಥವಾ ಅಳಿಸಿಬಿಡುತ್ತಿದ್ದಾರೆ. ಯಾಹೂ ಗ್ರೂಪ್ಸ್‌ನ ಕಥೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ವಿಳಾಸದ ಕೊನೆಯ ಭಾಗವನ್ನು ಕತ್ತರಿಸಿ ಚುಕ್ಕೆಗಳನ್ನಿಡುತ್ತಿದ್ದರು. ಕನ್ನಡಿಗರ ಅನೇಕ ಗುಂಪುಗಳು ಅಲ್ಲಿದ್ದವು. ಪರದೇಶಗಳಲ್ಲಿದ್ದವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬೆರಳಚ್ಚಿಸಿಕೊಂಡು ಹಬ್ಬ, ಸಾಹಿತ್ಯ, ಊರಿನ ಸುದ್ದಿ ಮಾತನಾಡುತ್ತಿದ್ದ ಕಾಲದ ದಾಖಲೆ ಅದು. 2019ರ ಅಕ್ಟೋಬರ್‌ನಲ್ಲಿ ಕಂಪನಿ ಅಲ್ಲಿನ ಹಳೆಯ ಸಂದೇಶಗಳನ್ನೆಲ್ಲ ಅಳಿಸುವುದಾಗಿ ಪ್ರಕಟಿಸಿತು, 2020ರ ಕೊನೆಯಲ್ಲಿ ಸೇವೆಯೇ ನಿಂತಿತು. ಸ್ವಯಂಸೇವಕರು ಉಳಿಸಿಕೊಂಡದ್ದನ್ನು ಬಿಟ್ಟರೆ ಉಳಿದದ್ದು ಹೋಯಿತು. ಆ ಗುಂಪುಗಳಲ್ಲಿ ಬರೆದವರ ವಿಳಾಸಗಳು ಸುರಕ್ಷಿತವಾಗಿಯೇ ಇದ್ದವು, ಅವರು ಆಡಿದ ಮಾತು ಇಲ್ಲವಾಯಿತು. ಮುಂದೆ ಯಾರಾದರೂ ಅಂತರ್ಜಾಲದಲ್ಲಿ ಕನ್ನಡದ ಮೊದಲ ದಿನಗಳ ಇತಿಹಾಸ ಬರೆಯಲು ಕುಳಿತರೆ ಅವರ ಮುಂದಿರುವುದು ದೊಡ್ಡ ಖಾಲಿ ಜಾಗ.

ತೆರೆದ ಸಂಗ್ರಹ ಏನು ಮಾಡಬಲ್ಲದು ಎಂಬುದಕ್ಕೆ ಈಚಿನ ಉದಾಹರಣೆ, ಕಡತಗಳ ಗಾತ್ರ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ ಪ್ರಕರಣ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಿನಕ್ಸ್ ವ್ಯವಸ್ಥೆಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಆ ತಂತ್ರಾಂಶದೊಳಗೆ ಯಾರೋ ಕಳ್ಳದಾರಿ ಕೊರೆದಿದ್ದಾರೆ ಎಂದು ಬಹಿರಂಗಪಡಿಸಿದರು. ಮುಂದಿನ ಕೆಲವೇ ದಿನಗಳಲ್ಲಿ ಜನ ಆ ಯೋಜನೆಯ ಮೇಲಿಂಗ್ ಲಿಸ್ಟಿನ ಹಳೆಯ ಸಂದೇಶಗಳನ್ನು ತೆರೆದು ಓದಿದರು. ದಣಿದಿದ್ದ ಮೂಲ ನಿರ್ವಾಹಕರ ಮೇಲೆ 2022ರಲ್ಲಿ ಅಪರಿಚಿತ ಹೆಸರುಗಳು ಹೇಗೆ ಒತ್ತಡ ಹೇರಿದವು, ಹೊಸಬನೊಬ್ಬನಿಗೆ ಅಧಿಕಾರ ಹೇಗೆ ಜಾರಿತು ಎಂಬುದೆಲ್ಲ ಅಲ್ಲಿ ತಾರೀಖಿನ ಸಮೇತ ಇತ್ತು. ಆ ಸಂದೇಶಗಳನ್ನು ಜನ ಓದಿದ ಮೇಲ್ ಆರ್ಕೈವ್ ತಾಣದಲ್ಲಿ ವಿಳಾಸಗಳು ಮರೆಯಾಗಿವೆ. ಆದರೂ ಸಂಚಿನ ದಾರಿ ಹಿಡಿಯಲು ಯಾವ ಅಡ್ಡಿಯೂ ಆಗಲಿಲ್ಲ. ಬೇಕಾಗಿದ್ದದ್ದು ಹೆಸರು, ದಿನಾಂಕ ಮತ್ತು ಆಡಿದ ಮಾತು.

ವಿಳಾಸ ಎಷ್ಟರ ಮಟ್ಟಿಗೆ ಗುಟ್ಟಾಗಿ ಉಳಿದೀತು ಎಂಬುದರಲ್ಲಿ ನನಗೆ ಭ್ರಮೆಯಿಲ್ಲ. ಸೋರಿಕೆಯಾದ ಅಂಗಡಿ, ಆ್ಯಪ್, ಸೇವೆಗಳ ದತ್ತಾಂಶದಿಂದ ಕೋಟಿಗಟ್ಟಲೆ ವಿಳಾಸಗಳು ಈಗಾಗಲೇ ಕೈಬದಲಾಗಿವೆ. ಇಂದಿನ ಭಾಷಾ ಮಾದರಿಗಳು 'ಅಟ್', 'ಡಾಟ್' ಮಾತ್ರವಲ್ಲ, ಕನ್ನಡದಲ್ಲಿ ಬಿಡಿಸಿ ಬರೆದರೂ ಓದಿಬಿಡುತ್ತವೆ. ಸಾಮಾನ್ಯ ಸ್ಪ್ಯಾಮ್ ಅನ್ನು ತಡೆಯುವ ಕೆಲಸವನ್ನು ಇವತ್ತು ಮಾಡುತ್ತಿರುವುದು ಅಂಚೆಪೆಟ್ಟಿಗೆಯ ಶೋಧಕಗಳು. ಈಗಿನ ಅಪಾಯ, ನಿಮ್ಮ ಹಳೆಯ ಚರ್ಚೆಗಳನ್ನು ಓದಿಕೊಂಡು, ನೀವು ನಂಬುವವರ ಹೆಸರಿನಲ್ಲಿ, ನಿಮ್ಮದೇ ಕೆಲಸದ ಬಗ್ಗೆ ಬರುವ ನಕಲಿ ಪತ್ರದ್ದು. ವಿಳಾಸವನ್ನು ಅರ್ಧ ಮುಚ್ಚಿದರೂ ಆ ಕೆಲಸ ಸ್ವಲ್ಪ ನಿಧಾನವಾಗುತ್ತದೆ. ಆ ನಿಧಾನಕ್ಕೆ ಬೆಲೆಯಿದೆ, ಅದಕ್ಕಾಗಿ ಸಂಗ್ರಹವನ್ನೇ ಕೊಡುವಷ್ಟು ಬೆಲೆ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೂಲ ಸಂದೇಶಗಳನ್ನು ಒಂದಕ್ಷರವೂ ತಿದ್ದದೆ ಬೇರೆ ಜಾಗದಲ್ಲಿ ಭದ್ರವಾಗಿಡಿ. ಮರೆಮಾಡುವುದು ಪುಟವನ್ನು ತೋರಿಸುವ ಹಂತದಲ್ಲಿ ಮಾತ್ರ ನಡೆಯಲಿ, ನಾಳೆ ಬೇರೆ ವಿಧಾನ ಬಂದರೆ ಬದಲಿಸಬಹುದು. ಸಂದೇಶದ ತಲೆ ಮತ್ತು ಉಲ್ಲೇಖದ ಸಾಲಿನ ವಿಳಾಸಗಳನ್ನು ಮುಚ್ಚಿ, ಪ್ರೋಗ್ರಾಮಿನ ಪಠ್ಯವನ್ನು ಮುಟ್ಟಬೇಡಿ. ಒಬ್ಬರಿಗೆ ಎಲ್ಲ ಕಡೆ ಒಂದೇ ಗುರುತು ಇರಲಿ. ಓದಿದವರು ಬರೆದವರನ್ನು ಲಿಸ್ಟಿನ ಮೂಲಕ ತಲುಪುವ ಒಂದು ದಾರಿ ಇರಲೇಬೇಕು. ಹತ್ತು ವರ್ಷದ ಹಿಂದಿನ ಉತ್ತರವೊಂದು ಇವತ್ತು ನನ್ನ ಸಮಸ್ಯೆ ಬಿಡಿಸಿದರೆ ಅವರಿಗೆ ಒಂದು ಧನ್ಯವಾದ ಹೇಳಲು ಆಗಬೇಕು.

ಮಾತಿನ ಕೊನೆಗೆ ಸಭೆಯಲ್ಲಿದ್ದ ಒಬ್ಬರು, ತಮ್ಮ ಹಳೆಯ ಸಂದೇಶವೊಂದನ್ನು ಅಳಿಸಿಬಿಡಿ ಎಂದು ಸದಸ್ಯರು ಕೇಳಿದರೆ ಏನು ಮಾಡಬೇಕು ಎಂದು ಕೇಳಿದರು. ಅಳಿಸಲು ಕೇಳಿದ ಸದಸ್ಯರ ಮಾತನ್ನು ಗೌರವಿಸಬೇಕು ಎಂದೇ ನನ್ನ ಉತ್ತರ. ಆದರೆ ಮೇಲ್‌ಮ್ಯಾನ್‌ನ ಎರಡನೆಯ ಆವೃತ್ತಿಯಲ್ಲಿ ಸಂದೇಶವನ್ನು ಕಡತದಿಂದ ಪೂರ್ತಿ ಕಿತ್ತು ಸಂಗ್ರಹವನ್ನು ಮರುನಿರ್ಮಿಸಿದರೆ ಮುಂದಿನ ಸಂದೇಶಗಳ ಸಂಖ್ಯೆಗಳು ಬದಲಾಗುತ್ತವೆ, ಹೊರಗಿನಿಂದ ಅವಕ್ಕಿದ್ದ ಕೊಂಡಿಗಳು ತಪ್ಪು ಪುಟಕ್ಕೆ ಹೋಗುತ್ತವೆ. ಅದರ ಬದಲು ಸಂದೇಶವನ್ನು ಅದರ ಜಾಗದಲ್ಲೇ ಉಳಿಸಿ, ಹೆಸರು, ವಿಳಾಸ ಮತ್ತು ಒಳಗಿನ ಪಠ್ಯ ತೆಗೆದು, ಬರೆದವರ ಕೋರಿಕೆಯಂತೆ ತೆಗೆಯಲಾಗಿದೆ ಎಂಬ ಒಂದು ಸಾಲು ಹಾಕಿ. ಬೇರೆಯವರ ಉತ್ತರಗಳಲ್ಲಿ ಉಲ್ಲೇಖವಾಗಿರುವ ಭಾಗವನ್ನೂ ಹುಡುಕಿ ತೆಗೆಯಲು ಮರೆಯಬೇಡಿ. ಸರ್ವರಿನ ನಕಲುಗಳನ್ನು ಇಟ್ಟುಕೊಂಡಿರುವ ಬೇರೆ ತಾಣಗಳಿಗೂ ಬರೆದು ತಿಳಿಸಿ, ಅವರು ತೆಗೆಯುವರೇ ಇಲ್ಲವೇ ಎಂಬುದು ನಿಮ್ಮ ಕೈಯಲ್ಲಿಲ್ಲ ಎಂದು ಕೋರಿಕೆ ಇಟ್ಟವರಿಗೆ ಮೊದಲೇ ಹೇಳಿ.